ನಿಂತರೆ ನಿಲ್ಲುವ ಕೆಂಚಪ್ಪನವರಲ್ಲಿ ಒಂದು ವಿನಂತಿ

ಕಂಪಲಾಪುರ,
೨೬ ಆಗಸ್ಟ್ ೨೦೦೪

ಚನ್ನಬಸವಣ್ಣನವರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವಲುಗಾರರೂ, ಕೆರೆ ಏರಿ ರಸ್ತೆಯ ಏಕಮಾತ್ರ ಅಧಿಪತಿಗಳೂ, ಎಡಗಿವಿ ಹರಿದಿದ್ದರೂ ಗಾಂಭೀರ್ಯಕ್ಕೆ ಕುಂದಿಲ್ಲದ ಶ್ವಾನೋತ್ತಮರೂ ಆದ ಶ್ರೀ ಕೆಂಚಪ್ಪನವರ ನಾಲ್ಕೂ ಪಾದಗಳಿಗೆ ನಮಸ್ಕಾರಗಳು.

ಮಾನ್ಯರೇ,

ಊದಿಕೊಂಡ ಮೇಲ್ದುಟಿಯೊಂದನ್ನು ಬಿಟ್ಟರೆ ನಾನು ಕ್ಷೇಮ. ತಮ್ಮ ಕ್ಷೇಮವನ್ನು ತಾವೇ ದಿನವೂ ಬೊಗಳಿ ಊರಿಗೆಲ್ಲ ತಿಳಿಸುತ್ತಿರುವುದರಿಂದ ಕೇಳುವ ಅಗತ್ಯ ಕಾಣುವುದಿಲ್ಲ. ಆರು ವಾರಗಳಿಂದ ಹೆಚ್ಚಾಗಿ ನನ್ನ ಹಿಮ್ಮಡಿಯನ್ನೇ ಕಂಡಿರುವ ತಮಗೆ ನನ್ನ ಪರಿಚಯ ಇರಲಾರದು: ನಾನು ಪುಟ್ಟತಾಯಮ್ಮನ ಮಗಳು ರಮ್ಯಶ್ರೀ, ದ್ವಿತೀಯ ಪಿಯುಸಿ, ನಲವತ್ತೆಂಟು ಕೆ.ಜಿ. ವಿಭಾಗದ ಬಾಕ್ಸರ್.

ನಮ್ಮ ವ್ಯಾಯಾಮದ ಮೇಷ್ಟ್ರು ರುದ್ರಸ್ವಾಮಿಯವರು ಯಾವುದೋ ಕ್ರೀಡಾ ಪತ್ರಿಕೆಯಲ್ಲಿ ಓದಿದ ಪ್ರಕಾರ, ಬಾಕ್ಸರ್ ಆದವರು ಮೈಲಿಗಟ್ಟಲೆ ಮೆಲ್ಲಗೆ ಓಡಿ ಪ್ರಯೋಜನವಿಲ್ಲ; ಇಪ್ಪತ್ತು ಸೆಕೆಂಡು ಪ್ರಾಣ ಹೋಗುವಂತೆ ಓಡಬೇಕು, ಹತ್ತು ಸೆಕೆಂಡು ನಿಲ್ಲಬೇಕು, ಹೀಗೆ ಎಂಟು ಸಲ. ಪ್ರಾಣ ಹೋಗುವಂತೆ ಓಡುವುದೆಂದರೆ ಏನೆಂದು ತಿಳಿಯದೆ ಮೊದಲ ವಾರ ನಾನು ಡೈರಿಗೆ ಹಾಲು ಹಾಕಲು ಹೊತ್ತಾದವಳಂತೆ ಓಡುತ್ತಿದ್ದೆ. ಅಷ್ಟರಲ್ಲಿ ತಾವು ಮೇಷ್ಟ್ರ ಕಣ್ಣಿಗೆ ಬಿದ್ದಿರಿ. ಮರುದಿನವೇ ನನ್ನ ಓಟ ಶಾಲೆಯ ಬಯಲಿನಿಂದ ತಮ್ಮ ಬ್ಯಾರನ್ನಿನ ಮುಂದಕ್ಕೆ ಬದಲಾಯಿತು.

ತಮ್ಮ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ನಾನು ಓಡಿದರೆ ಓಡಿದಿರಿ, ನಿಂತರೆ ನಿಂತಿರಿ. ಅವ್ವ ನನಗೆ ಚಿಕ್ಕಂದಿನಿಂದ ಕಲಿಸಿದ್ದೂ ಅದನ್ನೇ: "ನಾಯಿ ಬಂದ್ರೆ ಓಡ್ಬ್ಯಾಡ ಕಣವ್ವ, ನಿಂತ್ಕೊ. ನೀ ನಿಂತ್ರೆ ಅದೂ ನಿಂತ್ಕತದೆ." ಮೇಷ್ಟ್ರ ಸೀಟಿ ಕೇಳಿದೊಡನೆ ನಾನು ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು, ನೆಲ ನೋಡುತ್ತಾ ನಿಲ್ಲುತ್ತಿದ್ದೆ, ತಾವು ಎದುರಿಗೇ ಕುಳಿತು ಕಿವಿ ಕೆರೆದುಕೊಳ್ಳುತ್ತಿದ್ದಿರಿ. ಮತ್ತೆ ಸೀಟಿ, ಮತ್ತೆ ಓಟ. ಮೈಸೂರಿನ ಯಾವ ಜಿಮ್ಮಿನಲ್ಲೂ ಇಂಥ ಯಂತ್ರವಿಲ್ಲ ಎಂದು ಮೇಷ್ಟ್ರು ಹೋದಲ್ಲೆಲ್ಲ ಹೇಳಿಕೊಂಡು ಬಂದರು.

ಕಳೆದ ಭಾನುವಾರ ಮೈಸೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ ನಡೆಯಿತು. ಮೊದಲ ಇಪ್ಪತ್ತು ಸೆಕೆಂಡು ನಾನು ಹೊಡೆದ ಹೊಡೆತಕ್ಕೆ ಎದುರಾಳಿ ಹುಡುಗಿ ಹಗ್ಗಕ್ಕೆ ಒರಗಿಬಿಟ್ಟಳು. ಇಪ್ಪತ್ತು ಮುಗಿಯಿತು. ಯಾರೂ ಸೀಟಿ ಊದಲಿಲ್ಲ, ಆದರೂ ನನ್ನ ಮೈ ತಾನಾಗಿ ನಿಂತಿತು. ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು, ನೆಲ ನೋಡುತ್ತಾ, ಆ ಹುಡುಗಿ ಕುಳಿತು ಕಿವಿ ಕೆರೆದುಕೊಳ್ಳಲೆಂದು ಕಾದೆ. ಅವಳಿಗೆ ಅಂಥ ಅಭ್ಯಾಸವಿರಲಿಲ್ಲ. ಗಾಬರಿಯಲ್ಲಿ ಪಾಠದ ಕನ್ನಡ ಮರೆತ ಮೇಷ್ಟ್ರು "ನಿಂತ್ಕಬ್ಯಾಡ ಕಣವ್ವೋ, ಒಡಿ, ಒಡಿ!" ಎಂದು ಮೂಲೆಯಿಂದ ಕೂಗಿದ್ದೂ ಅವಳ ಗುದ್ದೂ ಒಟ್ಟಿಗೇ ನನಗೆ ತಲುಪಿದವು. ರೆಫರಿ ಎಂಟರವರೆಗೆ ಎಣಿಸಿದರು. ಎದ್ದು ಮತ್ತೆ ಇಪ್ಪತ್ತು ಸೆಕೆಂಡು ಚಚ್ಚಿದೆ, ಮತ್ತೆ ನಿಂತೆ. ಎರಡನೇ ಸಲ ಅವರು ಎಣಿಸುವ ತೊಂದರೆ ತೆಗೆದುಕೊಳ್ಳದೆ ಅವಳ ಕೈ ಎತ್ತಿಬಿಟ್ಟರು.

ಸಂಜೆ ಬಸ್ಸಿಳಿದು ಮನೆಗೆ ನಡೆದು ಬರುವಾಗ ತಾವು ಎದುರಾದಿರಿ. ನಾನು ಓಡದ ಕಾರಣ ತಾವು ಬೊಗಳಲೂ ಇಲ್ಲ. ಸುಮ್ಮನೆ ಪಕ್ಕದಲ್ಲಿ ನಮ್ಮ ಬಾಗಿಲವರೆಗೂ ನಡೆದು ಬಂದಿರಿ. ಮೈಸೂರಿನಲ್ಲಿ ಬಾರದ ಅಳು ಆಗ ಬಂತು. ಆ ದಿನವಾದರೂ ತಾವು ನನ್ನನ್ನು ಅಟ್ಟಿಸಿಕೊಂಡು ಬರಬೇಕಿತ್ತು, ಸ್ವಾಮಿ.

ಮುಂದಿನ ತಿಂಗಳ ಇಪ್ಪತ್ತರಂದು ಕೊನೆಯ ಆಯ್ಕೆ ಇದೆ. ಅದರಲ್ಲೂ ಸೋತರೆ ಗ್ಲೌಸು ಮೇಷ್ಟ್ರಿಗೆ ಒಪ್ಪಿಸಿ ಪಿರಿಯಾಪಟ್ಟಣದ ಹೊಲಿಗೆ ತರಗತಿಗೆ ಸೇರಬೇಕೆಂದು ಅಪ್ಪ ಹೇಳಿದ್ದಾರೆ. ಹೊಲಿಗೆ ಕೆಟ್ಟದ್ದೆಂದಲ್ಲ, ನನಗೆ ಬೇಡ, ಅಷ್ಟೇ. ಆದ್ದರಿಂದ ತಾವು ದಯಮಾಡಿ ನಾಳೆಯಿಂದ ನಾನು ನಿಂತಾಗ ನಿಲ್ಲದೆ, ಮೇಷ್ಟ್ರ ಸೀಟಿಗೆ ಕಿವಿಗೊಡದೆ, ಬಾಕ್ಸಿಂಗಿನ ಒಂದು ಸುತ್ತಿನಂತೆ ಪೂರ್ತಿ ಎರಡು ನಿಮಿಷ ನನ್ನನ್ನು ಅಟ್ಟಬೇಕಾಗಿಯೂ, ಹಲ್ಲನ್ನು ತೋರಿಸಿದರೆ ಸಾಕು, ಬಳಸಬಾರದಾಗಿಯೂ, ನಂತರದ ಒಂದು ನಿಮಿಷ ವಿಶ್ರಾಂತಿಯನ್ನು ಗಡಿಯಾರ ನೋಡಿಯೇ ಕೊಡಬೇಕಾಗಿಯೂ, ಇಪ್ಪತ್ತನೇ ತಾರೀಕು ಬೆಳಗಿನ ಬಸ್ಸಿಗೆ ನನ್ನೊಡನೆ ಹೊರಟು ರಿಂಗಿನ ಪಕ್ಕದಲ್ಲಿ ಕುಳಿತು ನಾನು ಕೈ ಇಳಿಸಿದ ಕ್ಷಣವೇ ಗುರ್ರೆನ್ನಬೇಕಾಗಿಯೂ ಕೇಳಿಕೊಳ್ಳುತ್ತೇನೆ.

ಸದಾ ಹತ್ತು ಹೆಜ್ಜೆ ಮುಂದಿರಲು ಬಯಸುವ,
ತಮ್ಮ ವಿಶ್ವಾಸಿ,
ರಮ್ಯಶ್ರೀ

ಮತ್ತೊಂದು ಮಾತು: ತೂಕ ಇಳಿಯಲೆಂದು ಮೇಷ್ಟ್ರು ನನ್ನ ಮುದ್ದೆಯನ್ನು ಅರ್ಧ ಮಾಡಿದಂದಿನಿಂದ ಉಳಿದರ್ಧವನ್ನು ಅವ್ವ ತಮಗೆ ಹಾಕುತ್ತಿರುವುದು ನನಗೆ ಗೊತ್ತಿದೆ. ಈಚೆಗೆ ತಾವು ಹದಿನಾಲ್ಕನೇ ಸೆಕೆಂಡಿಗೇ ಏದುಸಿರು ಬಿಡುವುದನ್ನೂ ಗಮನಿಸಿದ್ದೇನೆ. ಎರಡು ನಿಮಿಷ ಓಡಲು ಆಗದಿದ್ದರೆ ಸಂಕೋಚ ಬೇಡ. ಕೆರೆ ತೂಬಿನ ಆಚೆ ನಂಜಯ್ಯನವರು ಹೊಸದಾಗಿ ಒಬ್ಬರನ್ನು ತಂದು ಕಾವಲಿಗೆ ಇಟ್ಟಿದ್ದಾರೆ, ಅವರು ನಿಂತವರನ್ನೂ ಬಿಡುವುದಿಲ್ಲವಂತೆ. ನನಗೆ ಭಯವಾಗುತ್ತದೆ, ಆದರೂ ಸೋಮವಾರದಿಂದ ಅಲ್ಲಿಗೇ ಹೋಗುತ್ತೇನೆ. ಆ ಅರ್ಧ ಮುದ್ದೆಯೂ ನನ್ನ ಜೊತೆಗೇ ಬರುತ್ತದೆ.