ಖಾಲಿ ತಂತಿ

ಬ್ಯಾಡಗಿಯ ಹಾಲೇಶಪ್ಪನ ಖಾರಪುಡಿ ಗಿರಣಿಯಲ್ಲಿ ವೋಲ್ಟೇಜ್ ಮೀಟರಿನ ಮುಳ್ಳು ಬೆಳಿಗ್ಗೆ ಹತ್ತಕ್ಕೇ ನೂರೈವತ್ತರ ಮೇಲೆ ಜ್ವರ ಬಂದ ಎತ್ತಿನಂತೆ ಮಲಗಿತ್ತು. ಇರಬೇಕಾದದ್ದು ಇನ್ನೂರ ಮೂವತ್ತು. ಗುಂಡಿ ಒತ್ತಿದರೆ ಮೋಟರು 'ಹೂಂ' ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಮದುವೆಗೆ ಒಪ್ಪಿ ಹಸೆಮಣೆ ಏರದ ವರನ ಹಾಗೆ.

ಅಂದು ಅದು ತಿರುಗಲೇಬೇಕಿತ್ತು. ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸುವ ನೀಲಗಂಗವ್ವ ಒಂದು ಚೀಲ ಮೆಣಸಿನಕಾಯಿ ಇಳಿಸಿ, "ಸಂಜಿ ಐದಕ್ಕ ಬರ್ತೇನಿ. ಪುಡಿ ಆಗಿದ್ರ ವರ್ಷಪೂರ್ತಿ ನಿಮ್ಮ ಕಡೇನ ಹಾಕಸ್ತೇನಿ. ಆಗಿರ್ಲಿಲ್ಲಂದ್ರ ಹೊಳ್ಳಿ ಈ ಓಣಿ ತುಳಿಯೂದಿಲ್ಲ" ಎಂದು ಹೇಳಿ ಹೋಗಿದ್ದಳು. ಎದುರಿಗೆ ಶಂಭುಲಿಂಗನದೂ ಒಂದು ಗಿರಣಿ. ಅದೂ ಸತ್ತಂತೆ ನಿಂತಿತ್ತು. ಹಾಲೇಶಪ್ಪನಿಗೆ ಅದೊಂದೇ ಸಮಾಧಾನ.

ಲೈನ್‌ಮನ್ ಮಾಲತೇಶನನ್ನು ಕರೆಸಿದ. ಮಾಲತೇಶ ಕಂಬ ಹತ್ತಿ ನೋಡಿದ.

"ಕಾಕಾ, ಇಲ್ಲಿ ಮೂರು ತಂತಿ ಅದಾವು. ನಿಮ್ಮ ಓಣಿ ಪೂರಾ ಒಂದಕ್ಕ ಜೋತು ಬಿದ್ದೈತಿ. ತಂತಿಗೂ ಒಂದಿಷ್ಟು ರೆಸಿಸ್ಟೆನ್ಸ್, ಅಂದ್ರ ಕರೆಂಟ್ ತಡಿಯೂ ಗುಣ, ಇರತೈತಿ. ಎಲ್ಲಾರೂ ಕೂಡಿ ಕರೆಂಟ್ ಎಳದ್ರ ವೋಲ್ಟೇಜ್ ದಾರ್‍ಯಾಗ ಖರ್ಚಾಗಿ ನಿಮಗ ಬರೇ ಪ್ರಸಾದ ಬರತೈತಿ. ಆಚೀಕಿನ ತಂತಿ ನೋಡ್ರಿ, ಖಾಲಿ ಐತಿ."

"ಮತ್ತ ಪುರಾಣ ಯಾಕ ಹೇಳ್ತಿ? ಅದಕ್ಕ ಹಚ್ಚೋ!"

ಹಚ್ಚಿದ. ಮುಳ್ಳು ಚಂಗನೆ ಇನ್ನೂರ ಮೂವತ್ತಕ್ಕೆ ಹಾರಿತು. ಗಿರಣಿ ಗುಡುಗಿತು. ಇಡೀ ಓಣಿ ಸೀನಿತು.

ಪಕ್ಕದ ಮನೆಯ ಗುತ್ತೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದಳು. "ಹಾಲೇಶಾ, ನಿನಗ ಎಲ್ಲಿಂದ ಬಂತೋ ಕರೆಂಟು? ನನ್ನ ಮಿಕ್ಸಿ ಮುಂಜಾನಿಂದ ಬರೇ ಗೊಣಗಾಕತ್ತೈತಿ."

ಹಾಲೇಶಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಜಾಣತನ ಮಾಡಿದವನಿಗೆ ಅದನ್ನು ಹೇಳದೆ ಊಟ ಸೇರುವುದಿಲ್ಲ. "ತಂತಿ ಬದಲಿ ಮಾಡಿಸಿದೆ, ಗುತ್ತೆವ್ವಾ. ಇದಕ್ಕ ತಲಿ ಬೇಕು!"

ಎದುರು ಕಟ್ಟೆಯ ಮೇಲೆ ಕೂತಿದ್ದ ಶಂಭುಲಿಂಗ ಎದ್ದು ನಿಂತ. "ಖರೇ ಮಾತು. ಬೇ ಗುತ್ತೆವ್ವಾ, ನೀನೂ ಲಗೂನ ಬದಲಿ ಮಾಡಿಸ್ಕೋ. ಮಾಲತೇಶ ಇನ್ನೂ ಚಾ ಕುಡ್ಯಾಕತ್ತಾನ."

ಗುತ್ತೆವ್ವ ಬದಲಿ ಮಾಡಿಸಿಕೊಂಡಳು. ಅವಳನ್ನು ನೋಡಿ ಆಚೆ ಮನೆಯವರು, ಅವರನ್ನು ನೋಡಿ ಅದರಾಚೆಯವರು. ಮಾಲತೇಶನ ಏಣಿ ಹಿಡಿದವನು ಶಂಭುಲಿಂಗನೇ. ಒಂದೊಂದು ಮನೆಯವರನ್ನೂ ಕೂಗಿ ಕರೆದವನೂ ಅವನೇ. 'ಪಾಪ, ಹೊಟ್ಟೆಕಿಚ್ಚಿಲ್ಲದ ಮನುಷ್ಯ' ಎಂದುಕೊಂಡ ಹಾಲೇಶಪ್ಪ.

ಎರಡು ಗಂಟೆಗೆ ಮೂಲೆಯ ವೆಲ್ಡಿಂಗ್ ಅಂಗಡಿಯ ದಾದಾಪೀರನೂ ಈ ತಂತಿಗೆ ಬಂದ. ಅವನು ಮೊದಲ ಕಿಡಿ ಹಾರಿಸಿದ್ದೇ ತಡ, ಮುಳ್ಳು ನೂರನಲವತ್ತಕ್ಕೆ ಬಿತ್ತು. ಮೋಟರು ಮತ್ತೆ 'ಹೂಂ' ಎಂದಿತು. ಇನ್ನೂ ಅರ್ಧ ಚೀಲ ಮೆಣಸಿನಕಾಯಿ ಉಳಿದಿತ್ತು.

ಹಾಲೇಶಪ್ಪ ಓಡಿದ. "ದಾದಾಪೀರ, ಬಂದ್ ಮಾಡೋ ಮಾರಾಯಾ!"

"ಗೇಟ್ ನಾಳೆ ಕೊಡಬೇಕು ಹಾಲೇಶಣ್ಣ. ತಂತಿ ಏನು ನಿಮ್ಮ ಅಪ್ಪ ಎಳದಿದ್ದೇನು?"

ಹಾಲೇಶಪ್ಪ ಗಿರಣಿಗೆ ವಾಪಸಾದ. ಮಾಲತೇಶನಿಗೆ ಫೋನು ಮಾಡಿದರೆ ಅವನು ಕದರಮಂಡಲಗಿ ಊರಿನ ಕಂಬದ ಮೇಲಿದ್ದ. "ಕೈ ಬಿಡುವಿಲ್ರಿ ಕಾಕಾ, ನಾಳೆ ಮುಂಜಾನೆ."

ಐದಕ್ಕೆ ಸರಿಯಾಗಿ ನೀಲಗಂಗವ್ವನ ಆಟೋ ಬಂತು. ಹಾಲೇಶಪ್ಪ, "ಕುಂದ್ರಿ ಅಕ್ಕಾರ, ಚಾ ತರಸ್ತೇನಿ" ಎನ್ನುವಷ್ಟರಲ್ಲಿ ಎದುರಿನಿಂದ ಗುಡುಗಿನಂಥ ಸದ್ದು ಬಂತು. ಶಂಭುಲಿಂಗನ ಗಿರಣಿ ಕಟ್ಟಡ ನಡುಗುವಂತೆ ತಿರುಗುತ್ತಿತ್ತು.

"ನಿನಗ ಹೆಂಗೋ ಕರೆಂಟು?" ಹಾಲೇಶಪ್ಪ ಚೀರಿದ.

"ನಾ ಹಳೇ ತಂತಿ ಬಿಟ್ಟು ಎಲ್ಲೂ ಹೋಗಿಲ್ಲಲ್ಲಣ್ಣ" ಎಂದ ಶಂಭುಲಿಂಗ, ಮೀಸೆಯ ಮೇಲಿನ ಖಾರ ಒರೆಸುತ್ತ. "ಎಲ್ಲಾರೂ ನಿನ್ನ ಕಡೆ ಬಂದ್ರು. ಈಗ ಇಲ್ಲಿ ಎಳಿಯಾಂವ ನಾ ಒಬ್ಬನ. ಇನ್ನೂರ ನಲವತ್ತು ಐತಿ, ಬಂದು ನೋಡು."

ನೀಲಗಂಗವ್ವ ನೇರ ಎದುರಿನ ಗಿರಣಿಗೆ ನಡೆದಳು. ಅರ್ಧ ಚೀಲವನ್ನು ಹೊತ್ತು ದಾಟಿಸುವ ಕೆಲಸ ಹಾಲೇಶಪ್ಪನದೇ ಆಯಿತು.

ಮರುದಿನ ನಸುಕಿನಲ್ಲೇ ಅವನು ಮಾಲತೇಶನನ್ನು ಕಂಬದ ಬುಡಕ್ಕೆ ಎಳೆದು ತಂದ. "ಸದ್ದು ಮಾಡಬ್ಯಾಡ. ನನ್ನನ್ನ ಹಳೇ ತಂತಿಗೆ ಹಚ್ಚಿಬಿಡು."

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಗುತ್ತೆವ್ವ, ಅವಳ ಹಿಂದೆ ದಾದಾಪೀರ, ಅವನ ಹಿಂದೆ ಇಡೀ ಓಣಿ.

"ಹೊಳ್ಳಿ ಹೊಂಟಿ ಏನೋ ಹಾಲೇಶಾ?" ಎಂದಳು ಗುತ್ತೆವ್ವ. "ತಲಿ ಇದ್ದಾಂವ ನೀ. ನೀ ಹೋದ ಕಡೆ ನಾವೂ ಬರ್ತೇವಿ."