ಠಾಣೆಯಲ್ಲಿ ಕುರ್ಚಿ ಹಾಕಿದರೆ

ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎಂದು ನಂಬಿದ್ದೆ. ಮಧುಗಿರಿಯ ತರಬೇತಿ ಮುಗಿಸಿ ಬಂದ ಮೇಲೆ ಆ ನಂಬಿಕೆ ಹೋಯಿತು. ಪೊಲೀಸರಲ್ಲಿ ಸಕಾರಾತ್ಮಕ ಮನೋಭಾವ ಬೆಳೆದರೆ ಇಲಾಖೆ ತಾನಾಗಿ ಸುಧಾರಿಸುತ್ತದಂತೆ. ಠಾಣೆಗೆ ಬಂದವರಿಗೆ ನಗುತ್ತಾ ಕುರ್ಚಿ ಕೊಡಿ, ಮೆಲ್ಲಗೆ ಮಾತಾಡಿ ಎಂದರು ಬೋಧಕರು. ನಾನು ಹೆಡ್ ಕಾನ್‌ಸ್ಟೇಬಲ್. ಹೇಳಿದ್ದನ್ನು ಮಾಡುವುದೇ ನನ್ನ ಕಸುಬು. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೀಸೆಯ ಕೆಳಗೆ ನಗು ಕಾಣುತ್ತಿದೆಯೋ ಇಲ್ಲವೋ ಎಂದು ಹೋಗುತ್ತಾ ಬರುತ್ತಾ ಜೀಪಿನ ಕನ್ನಡಿ ನೋಡುವುದೇ ಆಯಿತು. ಮನೆಯಲ್ಲಿ ಅಭ್ಯಾಸ ಮಾಡಿದರೆ ಹೆಂಡತಿ, ಹಲ್ಲುನೋವಿಗೆ ಶಿರಾದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದಳು.

ನನ್ನ ನಗುವಿಗೆ ಬೋಣಿಯಾದವಳು ದೊಡ್ಡೇರಿ ಕಡೆಯ ಕುರಿ ಸಾಕುವ ಕೆಂಚಮ್ಮ. ರೊಪ್ಪದಿಂದ ಎರಡು ಕುರಿ ಕಾಣೆಯಾಗಿವೆ ಎಂದು ಹೇಳಿ ಬಾಗಿಲಲ್ಲೇ ನಿಂತಿದ್ದಳು. ನಾನು ಎದ್ದು ಕುರ್ಚಿ ಎಳೆದು, ಕೈಗೆ ಲೋಟ ಕೊಟ್ಟು, "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಮೊದ್ಲು ನೀರು ಕುಡೀರಿ" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಲೋಟ ನೆಲಕ್ಕೆ ಬಿತ್ತು.

"ನನ್ ಮಗನಿಗೆ ಏನಾಯ್ತು ಸ್ವಾಮಿ? ಲಾರಿ ಎಲ್ಲಿ ಬಿತ್ತು, ಹೇಳ್ಬುಡಿ" ಎಂದು ಗೋಳಾಡತೊಡಗಿದಳು.

ಅವಳ ಮಗ ಲಾರಿ ಓಡಿಸುತ್ತಾನೆಂದು ನನಗೆ ಗೊತ್ತಾದದ್ದೇ ಆಗ. ಏನೂ ಆಗಿಲ್ಲ ಎಂದು ನಾನು ನಯವಾಗಿ ಹೇಳಿದಷ್ಟೂ ಅವಳ ಅಳು ಏರಿತು. ಮಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವಳ ಗಂಡ ಅಪಘಾತದಲ್ಲಿ ಹೋದಾಗಲೂ ಯಾವುದೋ ಠಾಣೆಯಲ್ಲಿ ಹೀಗೇ ಕೂರಿಸಿ ನೀರು ಕೊಟ್ಟಿದ್ದರಂತೆ. ಯೋಚಿಸಿದರೆ, ನಾವು ಜನರೊಡನೆ ಮೆಲ್ಲಗೆ ಮಾತಾಡುವುದು ಸಾವಿನ ಸುದ್ದಿ ಹೇಳುವಾಗ ಮಾತ್ರ. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರಲು ಪುರಸೊತ್ತಿರಲಿಲ್ಲ. ಹೆಂಗಸು ಉಸಿರು ಕಟ್ಟಿ ಬೀಳುವ ಹಾಗಿದ್ದಳು.

"ಲೇ ಕೆಂಚಮ್ಮ, ಸುಮ್ಕಿರ್ತೀಯೋ ಇಲ್ವೋ? ನಿನ್ ಮಗನಿಗೇನು ಧಾಡಿ? ಕುರಿ ಕಾಯೋದು ಬುಟ್ಟು ಇಲ್ಬಂದು ಅಳ್ತೀಯಲ್ಲ, ಯಾವ್ ಕುರಿ ಅಂತ ಬೊಗಳು ಮೊದ್ಲು" ಎಂದು ಗುಡುಗಿದೆ.

ಕೆಂಚಮ್ಮನಿಗೆ ಹೋದ ಜೀವ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಕರೀ ಕುರಿ, ಇನ್ನೊಂದಕ್ಕೆ ಕಿವಿ ಹರಿದಿದೆ ಎಂದು ನೆಮ್ಮದಿಯಾಗಿ ದೂರು ಬರೆಸಿದಳು. ಅಷ್ಟರಲ್ಲಿ ಮಗನೇ ಫೋನ್ ಮಾಡಿದ, ಅವನಿಗೂ ಬೈದಳು. ಹೋಗುವಾಗ, ಇದನ್ನೇ ಮೊದಲು ಅನ್ನಬಾರದಿತ್ತಾ ಎಂದು ನನ್ನನ್ನೂ ಗದರಿದಳು.

ಒಳಗಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಎಲ್ಲ ಕೇಳಿಸಿಕೊಂಡು ನನ್ನನ್ನು ಕರೆದರು. ಅವರೂ ಅದೇ ತರಬೇತಿಗೆ ಬಂದಿದ್ದವರು. ಎಂದೂ "ಏನಯ್ಯಾ" ಬಿಟ್ಟು ಬೇರೆ ಮಾತಿನಿಂದ ಕರೆಯದವರು ಕುರ್ಚಿ ತೋರಿಸಿ, "ಬನ್ನಿ, ಕೂತ್ಕೊಳ್ಳಿ. ಟೀ ತಗೊಳ್ತೀರಾ?" ಎಂದು ನಕ್ಕರು.

ನಾನು ಕೂರದೆ ಸೆಲ್ಯೂಟ್ ಹೊಡೆದೆ. "ಸಾರ್, ಎತ್ತಂಗಡಿ ಪಾವಗಡಕ್ಕಾ?" ಎಂದುಬಿಟ್ಟೆ.