ತಿದಿಗೆ ಬೇಕಾದ ಚರ್ಮ

ಮನೆಯಲ್ಲಿ ಹದಕ್ಕೆ ಅಣಿಗೊಳಿಸುವ ಪ್ರತಿಯೊಂದು ಚರ್ಮವೂ ಪ್ರಾಣಿಯ ಮೈಬಿಟ್ಟ ಕ್ಷಣದಿಂದ ಗೃಹ ಚರ್ಮ ವಿಭಾಗದ ಸುಪರ್ದಿಗೆ ಸೇರುತ್ತದೆ. ಈ ವಿಷಯವನ್ನು ಪ್ರಾಣಿಗೆ ಮುಂಚಿತವಾಗಿ ತಿಳಿಸತಕ್ಕದ್ದೆಂಬ ಉಪನಿಯಮವೂ ಇತ್ತು. ಸ್ವೀಕೃತಿಗೆ ಒಂದೂ ಸಹಿ ಬಾರದ ಕಾರಣ ಅದನ್ನು ಕೈಬಿಡಲಾಗಿದೆ.

ಕಮ್ಮಾರನ ತಿದಿ ಹರಿದದ್ದು ಒಂದು ಸೋಮವಾರ ಬೆಳಿಗ್ಗೆ. ಹತ್ತು ವರ್ಷ ಕುಲುಮೆಗೆ ಗಾಳಿ ಊದಿದ್ದ ಆಡಿನ ಚರ್ಮ, ಉಸ್ಸೆಂದು ಕೊನೆಯುಸಿರು ಬಿಟ್ಟಿತು. ಗಾಳಿಯಿಲ್ಲದೆ ಬೆಂಕಿಯಿಲ್ಲ, ಬೆಂಕಿಯಿಲ್ಲದೆ ಕೆಲಸವಿಲ್ಲ. ಅಂಗಡಿಯ ಮುಂದೆ ಮೊಂಡಾದ ಕೊಡಲಿ, ಮುರಿದ ಗುದ್ದಲಿ ಹಿಡಿದು ಜನ ಸಾಲುಗಟ್ಟಿದ್ದರು. ಕಮ್ಮಾರ ತಣ್ಣಗಾದ ಕುಲುಮೆಯ ಮುಂದೆ ಹೆಣ ಕಾಯುವವನಂತೆ ಕೂತ.

ಚರ್ಮದ ಕೆಲಸ ಬಲ್ಲವಳು ಅವನ ಹೆಂಡತಿ. ಅಪ್ಪನಿಂದ ಕಲಿತಿದ್ದಳು. ಕಟುಕನಲ್ಲಿ ಹಸಿ ಚರ್ಮವೊಂದನ್ನು ಕೊಂಡು, ಹೆಗಲಿಗೆ ಹಾಕಿಕೊಂಡೇ ವಿಭಾಗಕ್ಕೆ ಹೋದಳು.

"ಉಪ್ಪು ಹಚ್ಚೋಕೆ ಅನುಮತಿ ಬೇಕಿತ್ತು."

"ಇಪ್ಪತ್ತೊಂದು ದಿನ ಆಗುತ್ತೆ," ಅಂದ ಗುಮಾಸ್ತ.

"ಉಪ್ಪು ಹಚ್ಚದಿದ್ರೆ ನಾಳೆಗೇ ಕೊಳೆಯುತ್ತೆ."

"ಅನುಮತಿ ಬರೋ ತನಕ ಚರ್ಮ ಕೊಳೀಬಾರದು ಅಂತ ಸುತ್ತೋಲೆ ಇದೆಯಲ್ಲಮ್ಮ."

"ಅದು ಚರ್ಮಕ್ಕೆ ಗೊತ್ತಾ?"

ಗುಮಾಸ್ತ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿದ. ಸುತ್ತೋಲೆಯ ಒಂದು ಪ್ರತಿಯನ್ನು ಗುಂಡುಸೂಜಿಯಿಂದ ಚರ್ಮಕ್ಕೆ ಚುಚ್ಚಿ, ಚರ್ಮದ ಫೋಟೋ ತೆಗೆದು ಕಡತಕ್ಕೆ ಅಂಟಿಸಿದ.

ಅವಳು ಮನೆಗೆ ಬಂದವಳೇ ಸುತ್ತೋಲೆಯ ಸಮೇತ ಉಪ್ಪು ತಿಕ್ಕಿದಳು. ಮೂರು ದಿನ ಬಿಟ್ಟು ತೊಳೆದು, ದುಂಡನೆಯ ದಿಮ್ಮಿಯ ಮೇಲೆ ಹಾಸಿ, ಮೊಂಡುಗತ್ತಿಯಿಂದ ಮಾಂಸದ ಚೂರು, ಕೊಬ್ಬು ಎಲ್ಲ ಹೆರೆದಳು. ಬಚ್ಚಲಮನೆಯ ತೊಟ್ಟಿಯಲ್ಲಿ ಸುಣ್ಣದ ನೀರು ಕದಡಿ ಮುಳುಗಿಸಿದಳು. ವಾರದಲ್ಲಿ ಕೂದಲು ಸಡಿಲಾಗಿ ಕೈಗೇ ಬಂತು. ಅಷ್ಟು ದಿನ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ. ಆ ವಾಸನೆಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ.

ನೆರೆಮನೆಯವರು ದೂರು ಕೊಟ್ಟರು. ಚರ್ಮಾಧಿಕಾರಿಗಳು ಖುದ್ದು ಬಂದು, ತೊಟ್ಟಿಯ ಮೇಲೆ ಬಾಗಿ ಮೂಸಿ, "ವಾಸನೆ ನಿಯಮಬದ್ಧವಾಗಿದೆ" ಎಂದು ಬರೆದುಕೊಂಡರು. ಆಮೇಲೆ ಕಡತ ತೆರೆದರು. ಮುಖ ಬಿಗಿಯಾಯಿತು.

"ಫೋಟೋದಲ್ಲಿರೋ ಚರ್ಮಕ್ಕೆ ಕೂದಲಿದೆ. ಇದಕ್ಕಿಲ್ಲ. ಇದು ಬೇರೆ ಚರ್ಮ."

"ಅದೇ ಸ್ವಾಮಿ. ಕೂದಲು ತೆಗೆಯೋದೇ ಕೆಲಸ."

"ಹಾಗಾದ್ರೆ ವಾಪಸ್ ಅಂಟಿಸಿ. ಇಲ್ಲಾಂದ್ರೆ ಜಪ್ತಿ."

ಅವಳು ಕೈಯೊರೆಸಿಕೊಂಡು, ಅವರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಹಿಡಿದು ನೋಡಿದಳು. ಅದರಲ್ಲಿ ಗುಂಗುರು ಕೂದಲಿನ ಯುವಕ. ಎದುರಿಗೆ ಬೆಳಗಿಟ್ಟ ಚೊಂಬಿನಂಥ ತಲೆ.

"ಇದ್ಯಾರು?"

"ನಾನೇ."

"ಬೇರೆ ಯಾರೋ ಇದ್ದ ಹಾಗಿದೆಯಪ್ಪ."

ಅಧಿಕಾರಿಗಳು ಪ್ರಾಮಾಣಿಕರು. ತಲೆ ಸವರಿಕೊಂಡರು, ನಿಯಮಪುಸ್ತಕ ತಿರುವಿದರು, ತಮ್ಮನ್ನೇ ಜಪ್ತಿ ಮಾಡಿಕೊಂಡರು.

ಜಪ್ತಿಯಾದ ವಸ್ತು ಸಿಕ್ಕಿದ ಜಾಗದಲ್ಲೇ ಇರತಕ್ಕದ್ದು. ಆದ್ದರಿಂದ ಅವರು ತೊಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತರು. ಮೊದಲ ದಿನ ಚರ್ಮವನ್ನು ನೋಡಿದರು. ಎರಡನೆಯ ದಿನ ಬೇಸರ ತಾಳಲಾರದೆ ಅದರ ಸುಣ್ಣ ತೊಳೆದರು.

ಮೂರನೆಯ ದಿನ, "ಅಕ್ಕ, ಕುತ್ತಿಗೆ ಹತ್ರ ಇನ್ನೂ ಕೊಬ್ಬಿದೆ. ಹೆರೆಯಲಾ?" ಅಂದರು.

"ಹೆರೆಯಿರಿ. ಕೈ ಹಗುರ ಇರಲಿ. ತೂತು ಬಿದ್ರೆ ಗಾಳಿ ನಿಲ್ಲಲ್ಲ."

ಅವರ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಒಂದು ಕೆಲಸ ಮುಗಿಯಿತು. ಕಣ್ಣು ತುಂಬಿ ಬಂತು. ಸುಣ್ಣವೂ ಕಾರಣವಿರಬಹುದು.

ಅಷ್ಟರಲ್ಲಿ ಮೂವರ ಪರಿಶೀಲನಾ ಸಮಿತಿ ಬಂತು. ಚರ್ಮವನ್ನೂ ಅಧಿಕಾರಿಗಳನ್ನೂ ಹಿಂಡಿ, ಎಳೆದು, ಬೆಳಕಿಗೆ ಹಿಡಿದು ನೋಡಿ, ಸ್ಥಳದಲ್ಲೇ ಆದೇಶ ಓದಿತು:

"ಕಡತ ಒಂದೇ ಆಗಿರುವುದರಿಂದ ಚರ್ಮಗಳೆರಡನ್ನೂ ಒಟ್ಟಿಗೆ ಪರೀಕ್ಷಿಸಲಾಯಿತು. ಒಂದನೆಯದು ಮೃದು, ಹೇಳಿದತ್ತ ಬಾಗುತ್ತದೆ, ಎದುರಾಡುವುದಿಲ್ಲ. ಆಡಳಿತಕ್ಕೆ ಯೋಗ್ಯ. ಎರಡನೆಯದು ದಪ್ಪ, ಏನು ಚುಚ್ಚಿದರೂ ನಾಟದು, ಒಳಗೆ ಧಾರಾಳ ಗಾಳಿಯಿದೆ. ತಿದಿಗೆ ಯೋಗ್ಯ. ಅದರಂತೆ ಕ್ರಮ ಕೈಗೊಳ್ಳತಕ್ಕದ್ದು."

"ಅಯ್ಯೋ, ಅದಿನ್ನೂ ಹದ ಆಗಿಲ್ಲ! ತೊಗಟೆ ನೀರಲ್ಲಿ ತಿಂಗಳು ನೆನೀಬೇಕು!" ಎಂದು ಅವಳು ಚರ್ಮದ ಬಾಲ ಹಿಡಿದೆಳೆದಳು.

"ಸೇವೆಗೆ ಸೇರಿದ ಮೇಲೆ ತಾನಾಗೇ ಹದವಾಗುತ್ತಮ್ಮ," ಅಂದರು ಸಮಿತಿಯ ಹಿರಿಯರು. "ನಿಮ್ಮ ಪಾಲಿನ ಚರ್ಮ ನಿಮಗೆ ಬಿಟ್ಟಿದ್ದೀವಿ. ಸಹಿ ಹಾಕಿ."

ಕಮ್ಮಾರ ಅಧಿಕಾರಿಗಳ ಕೆನ್ನೆಯನ್ನು ಬೆರಳಿಂದ ಒತ್ತಿ ನೋಡಿದ. ಕೈಗೆ ಕಬ್ಬಿಣದ ಕೊಳವೆ ಕೊಟ್ಟು, "ಒಂದ್ಸಲ ಊದಿ, ನೋಡೋಣ," ಅಂದ. ಅವರು ಊದಿದರು. ಇಪ್ಪತ್ತಾರು ವರ್ಷದಿಂದ ಒಳಗೆ ನಿಂತಿದ್ದ ಗಾಳಿ. ಇದ್ದಿಲು ಕೆಂಪಗೆ ಕಣ್ಣು ಬಿಟ್ಟಿತು.

"ಪರವಾಗಿಲ್ಲ ಕಣೇ, ಹಳೇದಕ್ಕಿಂತ ಜಾಸ್ತಿನೇ ಬರುತ್ತೆ!"

ಅವಳು ನಿಟ್ಟುಸಿರು ಬಿಟ್ಟು ಸಹಿ ಹಾಕಿದಳು.

ಚರ್ಮ ಈಗ ವಿಭಾಗದ ಕುರ್ಚಿಯಲ್ಲಿದೆ. ಅದು ಯಾವ ಕಡತವನ್ನೂ ತಡೆದಿಟ್ಟುಕೊಳ್ಳದ ಕಾರಣ ಅನುಮತಿ ಒಂದೇ ದಿನದಲ್ಲಿ ಸಿಗುತ್ತಿದೆ. ಮುಂದಿನ ವರ್ಷ ಅದಕ್ಕೆ ಬಡ್ತಿ ಖಚಿತವೆನ್ನುತ್ತಾರೆ.

ಕುಲುಮೆ ಬೆಳಗ್ಗೆಯಿಂದ ಸಂಜೆಯವರೆಗೆ ಉರಿಯುತ್ತಿದೆ. ಅಧಿಕಾರಿಗಳ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತರುತ್ತಾರೆ. ಮೊನ್ನೆ ಜೊತೆಗೊಂದು ಎಣ್ಣೆ ಬಾಟಲಿಯೂ ಇತ್ತು.

"ಬಿರುಕು ಬಿಡದ ಹಾಗೆ ವಾರಕ್ಕೊಮ್ಮೆ ಹಚ್ಚಬೇಕಂತಲ್ಲ," ಅಂದರು.

"ಬುಧವಾರ ಹಚ್ಚೋಣ ಬಿಡಿ," ಅಂದಳು ಕಮ್ಮಾರನ ಹೆಂಡತಿ. "ಇವತ್ತು ಕೊಡಲಿ ಜಾಸ್ತಿ ಬಂದಿವೆ."

ಅಧಿಕಾರಿಗಳು ಕೊಳವೆಯಿಂದ ಬಾಯಿ ತೆಗೆಯದೆ, ತಲೆಯಾಡಿಸಿ ಒಪ್ಪಿಗೆ ಸೂಚಿಸಿದರು.